ಬಸುರಿ ಎಂದು ತಿಳಿಯುವ ಮೊದಲೇ ಬೇಕಾದ ಮಾತ್ರೆ

ಮುಟ್ಟು ನಿಂತ ಮೇಲೆ ಕೆಲವು ದಿನ ಕಾದು ನೋಡಿ, ಮನೆಯ ಹಿರಿಯರಿಗೆ ತಿಳಿಸಿ, ಎರಡು ತಿಂಗಳು ತುಂಬಿದ ಮೇಲೆ ವೈದ್ಯರ ಬಳಿಗೆ ಹೋಗುವುದು ಅನೇಕ ಮನೆಗಳಲ್ಲಿ ರೂಢಿ. ವೈದ್ಯರು ಫೋಲಿಕ್ ಆಮ್ಲದ ಮಾತ್ರೆ ಬರೆದುಕೊಡುತ್ತಾರೆ. ಒಳ್ಳೆಯದೇ. ಆದರೆ ಆ ಮಾತ್ರೆ ಮಾಡಬೇಕಾದ ಅತಿ ಮುಖ್ಯ ಕೆಲಸದ ಕಾಲ ಅಷ್ಟರಲ್ಲಿ ಮುಗಿದುಹೋಗಿರುತ್ತದೆ.

ಗರ್ಭ ನಿಂತ ಸುಮಾರು 28 ದಿನಗಳೊಳಗೆ ಭ್ರೂಣದ ಬೆನ್ನಿನುದ್ದಕ್ಕೂ ಇರುವ ಚಪ್ಪಟೆ ಪದರವೊಂದು ಮಡಚಿಕೊಂಡು ಕೊಳವೆಯಂತೆ ಮುಚ್ಚಿಕೊಳ್ಳುತ್ತದೆ. ಇದೇ ನರಕೊಳವೆ. ಮಿದುಳು, ಮಿದುಳುಬಳ್ಳಿಗಳು ರೂಪುಗೊಳ್ಳುವುದು ಇದರಿಂದಲೇ. ಲೆಕ್ಕ ಹಾಕಿದರೆ, ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಈ ಕೆಲಸ ಪೂರ್ತಿಯಾಗಿರುತ್ತದೆ. ಬೆನ್ನಿನ ಕಡೆ ಮುಚ್ಚದೆ ಉಳಿದರೆ ಸ್ಪೈನಾ ಬೈಫಿಡಾ ಉಂಟಾಗುತ್ತದೆ. ಅದು ತೀವ್ರವಾಗಿದ್ದರೆ ಕಾಲುಗಳಲ್ಲಿ ಬಲವಿರದು, ಮಲಮೂತ್ರದ ಮೇಲೆ ಹಿಡಿತವಿರದು, ಹಲವು ಮಕ್ಕಳ ತಲೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ತಲೆಯ ಕಡೆ ಮುಚ್ಚದಿದ್ದರೆ ಮಗು ಉಳಿಯುವುದೇ ಇಲ್ಲ. ಇಂಥ ಮಗು ಹುಟ್ಟಿದಾಗ ‘ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು’ ಎಂದು ಸೊಸೆಯನ್ನು ದೂರುವವರು ಇನ್ನೂ ಇದ್ದಾರೆ. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಫೋಲಿಕ್ ಆಮ್ಲಕ್ಕೆ ಇರುವ ಸಂಬಂಧ ಮಾತ್ರ ಖಚಿತ. ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲ ಸೇವಿಸಿದವರಲ್ಲಿ ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಗಿತ್ತು. ಎಲ್ಲವನ್ನೂ ತಡೆಯಲಾಗದು, ನಿಜ.

ಆದ್ದರಿಂದ ಮಗು ಬೇಕೆಂದು ಯೋಚಿಸಿದಾಗಲೇ, ಅಂದರೆ ಕಾಪರ್-ಟಿ ತೆಗೆಸುವಾಗ ಅಥವಾ ಗರ್ಭನಿರೋಧಕ ಮಾತ್ರೆ ನಿಲ್ಲಿಸುವ ಮೊದಲೇ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸಿ. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ಬೇಕು. ಹೊಸದಾಗಿ ಮದುವೆಯಾದವರಿಗೂ ಇದೇ ಮಾತು. ಎಷ್ಟೋ ಬಸಿರುಗಳು ಹೇಳಿಕೇಳಿ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕನೆಯ ತಿಂಗಳಿನಿಂದ ಕೊಡುವ ಕೆಂಪು ಮಾತ್ರೆ ರಕ್ತಹೀನತೆಗೆ. ಅದನ್ನು ತಪ್ಪದೆ ನುಂಗಿ, ಆದರೆ ನರಕೊಳವೆಗೆ ಅದು ತಡವಾಯಿತು.

ಔಷಧದ ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಬಹಳ ಸಲ ಕೈಗೆ ಬರುವುದು 5 ಮಿಲಿಗ್ರಾಂ ಮಾತ್ರೆ. ಇದು ಹನ್ನೆರಡು ಪಟ್ಟಿಗೂ ಹೆಚ್ಚು. ಹಿಂದಿನ ಮಗುವಿಗೆ ಈ ದೋಷವಿದ್ದವರು, ಸಕ್ಕರೆ ಕಾಯಿಲೆಯವರು, ಮೂರ್ಛೆರೋಗಕ್ಕೆ ಔಷಧ ಸೇವಿಸುವವರು ವೈದ್ಯರ ಸಲಹೆಯಂತೆ ಹೆಚ್ಚಿನ ಪ್ರಮಾಣ ತೆಗೆದುಕೊಳ್ಳಬೇಕಾಗುತ್ತದೆ. ಮೂರ್ಛೆರೋಗದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಶುದ್ಧ ಸಸ್ಯಾಹಾರಿಗಳು ಬಿ-12 ಜೀವಸತ್ವದ ಬಗ್ಗೆಯೂ ವೈದ್ಯರನ್ನು ಕೇಳಿ. ಅದರ ಕೊರತೆಯಿದ್ದಾಗ ಫೋಲಿಕ್ ಆಮ್ಲವೊಂದನ್ನೇ ಹೆಚ್ಚಾಗಿ ಸೇವಿಸಿದರೆ ರಕ್ತಹೀನತೆ ಮರೆಯಾಗಿ, ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯಬಹುದು.

‘ಸೊಪ್ಪು, ಕಾಳು ತಿನ್ನುತ್ತೇವಲ್ಲ’ ಎನ್ನಬಹುದು. ಪಾಲಕ್, ಮೆಂತ್ಯ, ಹೆಸರುಕಾಳು, ಅಲಸಂದೆಗಳಲ್ಲಿ ಈ ಸತ್ವ ಧಾರಾಳ. ಆದರೆ ಇದು ನೀರಿನಲ್ಲಿ ಕರಗುತ್ತದೆ, ಕಾಯಿಸಿದರೆ ಬಹಳಷ್ಟು ನಾಶವಾಗುತ್ತದೆ. ಹೆಚ್ಚಿದ ಮೇಲೆ ಸೊಪ್ಪು ತೊಳೆಯುವುದು, ಬೇಯಿಸಿದ ನೀರು ಚೆಲ್ಲುವುದು ಎರಡೂ ನಷ್ಟವೇ. ಆ ನೀರನ್ನೇ ಬಳಸುವ ಬಸ್ಸಾರಿನವರು ಜಾಣರು! ಆದರೂ ಗರ್ಭಧಾರಣೆಯ ಹೊತ್ತಿಗೆ ಊಟವೊಂದನ್ನೇ ನೆಚ್ಚಬೇಡಿ.

ಅಮೆರಿಕದಲ್ಲಿ 1998ರಿಂದ ಸಾರವರ್ಧಿತ ಹಿಟ್ಟಿಗೆ 100 ಗ್ರಾಂಗೆ 140 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯವಾಯಿತು. ಈ ದೋಷದ ಮಕ್ಕಳು ಹುಟ್ಟುವುದೂ ಇಳಿಯಿತು. ನಮ್ಮಲ್ಲಿ ಕೆಲವರು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಬಿಸಾಡಿದ ಪಡಿತರದ ಸಾರವರ್ಧಿತ ಅಕ್ಕಿಗೆ ನಿಗದಿಯಾದ ಪ್ರಮಾಣ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಮಾತ್ರ. ದಿನಕ್ಕೆ 300 ಗ್ರಾಂ ಉಂಡರೂ 40 ದಾಟುವುದಿಲ್ಲ. ಮಾತ್ರೆಯ ಕೆಲಸ ಅದರಿಂದ ಆಗದು.

ಈಗಾಗಲೇ ಎರಡು ತಿಂಗಳಾಗಿದೆ, ಮಾತ್ರೆ ನುಂಗಿಲ್ಲ ಎನ್ನುವವರು ಗಾಬರಿಪಡಬೇಕಿಲ್ಲ. ಹೆಚ್ಚಿನ ಮಕ್ಕಳು ಸರಿಯಾಗಿಯೇ ಹುಟ್ಟುತ್ತಾರೆ. ಇಂದೇ ಮಾತ್ರೆ ಶುರು ಮಾಡಿ. 18ರಿಂದ 20ನೆಯ ವಾರದ ನಡುವೆ ಮಗುವಿನ ಬೆನ್ನುಮೂಳೆ, ತಲೆಗಳನ್ನು ಪರೀಕ್ಷಿಸುವ ಸ್ಕ್ಯಾನಿಂಗ್ ತಪ್ಪದೆ ಮಾಡಿಸಿ.