ಎಚ್ಚರವಾದರೂ ಮೈಬಿಡದ ಮದ್ದು

ಎಂಡೋಸ್ಕೋಪಿಗೆಂದು ಬೆಳಿಗ್ಗೆ ಆಸ್ಪತ್ರೆಗೆ ಹೋದವರು ಎಷ್ಟೋ ಸಲ ಮಧ್ಯಾಹ್ನದ ಹೊತ್ತಿಗೆ ಮನೆಗೆ ಮರಳಿರುತ್ತಾರೆ. ಇದನ್ನು ಸುಲಭವಾಗಿಸಿದ ಅರಿವಳಿಕೆ ಔಷಧಗಳಲ್ಲಿ ಮುಖ್ಯವಾದುದು ಪ್ರೊಪೊಫಾಲ್. ನೋಡಲು ಹಾಲಿನಷ್ಟು ಬಿಳುಪು. ರಕ್ತನಾಳಕ್ಕೆ ಹೋಗುವಾಗ ಕೈ ಚುರುಗುಟ್ಟುವುದರಿಂದ ಅನೇಕ ವೈದ್ಯರು ಜೊತೆಗೆ ಆ ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್ ತುಸು ಕೊಡುತ್ತಾರೆ. ಪೂರ್ಣ ಪ್ರಮಾಣದಲ್ಲಿ ಕೊಟ್ಟರೆ ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಮಾತು ನಿಂತು ರೆಪ್ಪೆ ಮುಚ್ಚಿಕೊಳ್ಳುತ್ತದೆ.

ಇದರ ಗುಣವನ್ನು 1973ರಲ್ಲಿ ಗುರುತಿಸಿದ್ದು ಬ್ರಿಟನ್ನಿನ ಐಸಿಐ ಕಂಪನಿಯಲ್ಲಿದ್ದ ಪಶುವೈದ್ಯ ಜಾನ್ ಬೇರ್ಡ್ ಗ್ಲೆನ್. ಆದರೆ ಈ ವಸ್ತು ನೀರಿನಲ್ಲಿ ಕರಗುವುದಿಲ್ಲ. ಮೊದಲು ಬಳಸಿದ ದ್ರಾವಕದಿಂದ ಕೆಲವು ರೋಗಿಗಳಿಗೆ ತೀವ್ರ ಅಲರ್ಜಿಯಾಯಿತು. ಕೊನೆಗೆ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಸೇರಿಸಿ ಎಮಲ್ಷನ್ ಮಾಡಿದರು. ಬಿಳಿ ಬಣ್ಣ ಬಂದದ್ದು ಅದರಿಂದಲೇ. 1986ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಗ್ಲೆನ್ ಅವರಿಗೆ 2018ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ಮಿದುಳಿನಲ್ಲಿ ನರಕೋಶಗಳ ಸದ್ದಡಗಿಸುವ ಗಾಬಾ ಎಂಬ ರಾಸಾಯನಿಕವಿದೆ. ಪ್ರೊಪೊಫಾಲ್ ಅದರ ಕೆಲಸಕ್ಕೆ ಬಲ ಕೊಡುತ್ತದೆ, ಪ್ರಜ್ಞೆ ಜಾರುತ್ತದೆ. ಹಾಗಾದರೆ ಒಂದೇ ಡೋಸಿನ ನಿದ್ದೆ ಐದು-ಹತ್ತು ನಿಮಿಷಕ್ಕೆ ಮುಗಿಯುವುದೇಕೆ? ಅಷ್ಟರಲ್ಲಿ ಔಷಧವೆಲ್ಲ ನಾಶವಾಗಿರುವುದಿಲ್ಲ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಈ ಮದ್ದು, ರಕ್ತ ಹೆಚ್ಚು ಹರಿಯುವ ಮಿದುಳಿಗೆ ಮೊದಲು ನುಗ್ಗುತ್ತದೆ. ಆಮೇಲೆ ಅಲ್ಲಿಂದ ಸ್ನಾಯುಗಳಿಗೆ, ಕೊಬ್ಬಿಗೆ ಹಂಚಿಹೋಗುತ್ತದೆ. ಮಿದುಳಿನಲ್ಲಿ ಅದರ ಪ್ರಮಾಣ ಇಳಿದೊಡನೆ ಎಚ್ಚರ. 1934ರಿಂದ ಬಳಕೆಯಲ್ಲಿದ್ದ ಥಯೊಪೆಂಟಾಲ್ ಎಂಬ ಅರಿವಳಿಕೆ ಮದ್ದು ಕೂಡ ಹೀಗೇ ಹಂಚಿಹೋಗುತ್ತಿತ್ತು. ಆದರೆ ಯಕೃತ್ತು ಅದನ್ನು ನಿಧಾನವಾಗಿ ಅರಗಿಸುವುದರಿಂದ ಮತ್ತೆ ಮತ್ತೆ ಕೊಟ್ಟರೆ ದೇಹದಲ್ಲಿ ಶೇಖರವಾಗಿ ಮಂಪರು ಉಳಿಯುತ್ತಿತ್ತು. ಪ್ರೊಪೊಫಾಲನ್ನು ಯಕೃತ್ತು ಚುರುಕಾಗಿ ಅರಗಿಸುತ್ತದೆ. ಹಾಗಾಗಿ ಪಂಪಿನ ಮೂಲಕ ಗಂಟೆಗಟ್ಟಲೆ ಹರಿಸಿ ನಿಲ್ಲಿಸಿದರೂ ರೋಗಿ ಬೇಗ ಕಣ್ಣು ಬಿಡುತ್ತಾನೆ.

ಇಷ್ಟೆಲ್ಲ ಅನುಕೂಲವಿದ್ದರೂ ಇದು ಎಚ್ಚರಿಕೆಯಿಂದ ಬಳಸಬೇಕಾದ ಮದ್ದು. ಇದು ನೋವು ಕಳೆಯುವುದಿಲ್ಲ. ಅದಕ್ಕೆ ಫೆಂಟನಿಲ್‌ನಂಥದ್ದು ಬೇರೆಯಾಗಿ ಬೇಕು. ರಕ್ತದೊತ್ತಡ ಇಳಿಯುತ್ತದೆ. ಮಂಪರಿಗೂ ಉಸಿರು ನಿಲ್ಲುವುದಕ್ಕೂ ನಡುವಿನ ಅಂತರ ಸಣ್ಣದು, ಪ್ರತಿಮದ್ದೂ ಇಲ್ಲ. 2009ರಲ್ಲಿ ಗಾಯಕ ಮೈಕೆಲ್ ಜಾಕ್ಸನ್ ಸತ್ತದ್ದು, ಮನೆಯಲ್ಲಿ ನಿದ್ದೆಗೆಂದು ಇದನ್ನು ಪಡೆದು. ಆಪರೇಷನ್ ಥಿಯೇಟರಿನಲ್ಲಾದರೆ ಅರಿವಳಿಕೆ ತಜ್ಞರು ಬೆರಳಿನ ಆಕ್ಸಿಜನ್ ಮಾಪಕದ ಮೇಲೆ ಕಣ್ಣಿಟ್ಟು, ಬೇಕಾದಾಗ ದವಡೆ ಎತ್ತಿ ಉಸಿರಿನ ದಾರಿ ತೆರೆಯುತ್ತಾರೆ.

2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಮಿಮಜೊಲಾಮ್ ಎಂಬ ಮಂಪರಿನ ಮದ್ದು ಈ ಕೊರತೆಗಳಲ್ಲಿ ಒಂದನ್ನು ನೀಗಿಸುತ್ತದೆ. ದೇಹದ ಎಸ್ಟರೇಸ್ ಕಿಣ್ವಗಳೇ ಇದನ್ನು ಬೇಗ ಒಡೆಯುತ್ತವೆ. ಮಂಪರು ಹೆಚ್ಚಾದರೆ ಇಳಿಸಲು ಫ್ಲುಮಜೆನಿಲ್ ಎಂಬ ಪ್ರತಿಮದ್ದಿದೆ.

ಯಾವುದನ್ನೇ ಕೊಟ್ಟಿರಲಿ, ಮನೆಗೆ ಕಳಿಸುವಾಗ ವೈದ್ಯರು ಹೇಳುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು: ಸಾಮಾನ್ಯವಾಗಿ 24 ಗಂಟೆ ಗಾಡಿ ಓಡಿಸಬೇಡಿ, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕಬೇಡಿ, ಜೊತೆಗೊಬ್ಬರು ಇರಲಿ. ಕಣ್ಣು ಬಿಟ್ಟ ಮಾತ್ರಕ್ಕೆ ಔಷಧ ಮೈಬಿಟ್ಟು ಹೋಯಿತೆಂದಲ್ಲ.