ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ!



ನಮ್ಮ ಕನ್ನಡ ಕೂಟದ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಮಕ್ಕಳ ಹಲ್ಲಿನ ಮಾತು ಬಂದೇ ಬರುತ್ತದೆ. "ನಮ್ಮವನಿಗೆ ನಾಲ್ಕು ಕ್ಯಾವಿಟಿ ಅಂದ್ರು" ಅಂತ ಒಬ್ಬರು, "ನಮ್ಮ ಪುಟ್ಟಿಗೆ ಎರಡು ಸ್ಟೀಲ್ ಕ್ರೌನ್ ಹಾಕಿಸಿದ್ವಿ" ಅಂತ ಇನ್ನೊಬ್ಬರು. ಅಷ್ಟರಲ್ಲಿ ಊರಿನಿಂದ ಬಂದ ಹಿರಿಯರು ಯಾರಾದರೂ ಸಮಾಧಾನ ಹೇಳುತ್ತಾರೆ: "ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ!"

ನಾನು ಡೆಂಟಿಸ್ಟ್ ಅಲ್ಲ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸಾಫ್ಟ್‌ವೇರಿನ ಬಗ್ ಹುಡುಕುವವನು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿರುವುದರಿಂದ ಈ ವಿಷಯವನ್ನು ಸ್ವಲ್ಪ ಆಳವಾಗಿ ಓದಿಕೊಂಡೆ. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಿಮ್ಮ ಮಗುವಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡೆಂಟಿಸ್ಟರದ್ದೇ.

ಬೀಳುವ ಹಲ್ಲಿಗೆ ಯಾಕಿಷ್ಟು ಚಿಂತೆ?

ಮಗುವಿಗೆ ಸುಮಾರು 6 ತಿಂಗಳಿಗೆ ಮೊದಲ ಹಲ್ಲು ಬರುತ್ತದೆ. ಹತ್ತಿರ ಹತ್ತಿರ 3 ವರ್ಷಕ್ಕೆ 20 ಹಾಲುಹಲ್ಲುಗಳು ತುಂಬುತ್ತವೆ. ಮುಂದಿನ ಹಲ್ಲುಗಳು 6-7 ವರ್ಷಕ್ಕೆ ಬೀಳುವುದು ನಿಜ. ಆದರೆ ಹಿಂದಿನ ಹಾಲು ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರುತ್ತವೆ. ಅಂದರೆ 4 ವರ್ಷದ ಮಗುವಿನ ದವಡೆಹಲ್ಲು ಹುಳುಕಾದರೆ, ಆ ಹಲ್ಲಿನಲ್ಲೇ ಅದು ಇನ್ನೂ ಆರೇಳು ವರ್ಷ ಅಗಿದು ತಿನ್ನಬೇಕು! ಹಾಲುಹಲ್ಲು ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯ್ದಿಡುತ್ತದೆ. ಬೇಗ ಕೀಳಿಸಿದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿ, ಹೊಸ ಹಲ್ಲು ಸೊಟ್ಟಗೆ ಬರಬಹುದು.

ಹಾಲುಹಲ್ಲಿನ ಮೇಲಿನ ಎನಾಮಲ್ ಪದರವೂ ತೆಳು. ಹುಳುಕು ಬೇಗ ನರದ ತನಕ ಇಳಿಯುತ್ತದೆ. ಆಮೇಲೆ ನೋವು, ಕೀವು, ರಾತ್ರಿ ನಿದ್ದೆಯಿಲ್ಲ, ಸ್ಕೂಲಿಗೆ ರಜೆ. ತುಂಬಾ ಸಣ್ಣ ಮಕ್ಕಳಿಗೆ ಹಲವು ಹಲ್ಲುಗಳು ಒಟ್ಟಿಗೆ ಕೆಟ್ಟರೆ ಪೂರ್ತಿ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಬೇಕಾಗುತ್ತದೆ. 3 ವರ್ಷದೊಳಗಿನ ಮಕ್ಕಳಿಗೆ ದೀರ್ಘ ಕಾಲ ಅಥವಾ ಪದೇ ಪದೇ ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಎಫ್‌ಡಿಎ 2016ರಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದೆ.

2007ರ ಫೆಬ್ರವರಿಯಲ್ಲಿ ಮೇರಿಲ್ಯಾಂಡ್ ರಾಜ್ಯದ 12 ವರ್ಷದ ಹುಡುಗನೊಬ್ಬ ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಹರಡಿ ತೀರಿಕೊಂಡ. ಸಕಾಲದಲ್ಲಿ ಒಂದು ಹಲ್ಲು ಕಿತ್ತಿದ್ದರೆ ಉಳಿಯುತ್ತಿದ್ದ ಜೀವ ಅದು. ಆ ಸಾವು ದೇಶದಲ್ಲೆಲ್ಲ ಸುದ್ದಿಯಾಯಿತು. 2009ರಲ್ಲಿ ಮಕ್ಕಳ ಸರ್ಕಾರಿ ಆರೋಗ್ಯ ವಿಮೆ 'ಚಿಪ್'ನಲ್ಲಿ ಹಲ್ಲಿನ ಚಿಕಿತ್ಸೆಯನ್ನು ಕಡ್ಡಾಯ ಮಾಡಿದರು. ಇಂಥದ್ದು ತೀರಾ ಅಪರೂಪ. ಆದರೆ ಹುಳುಕು ಅಪರೂಪವಲ್ಲ: ಸಿಡಿಸಿ ಪ್ರಕಾರ ಅಮೆರಿಕದಲ್ಲಿ 6ರಿಂದ 8 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಾದರೂ ಹಾಲುಹಲ್ಲು ಹುಳುಕಾಗಿರುತ್ತದೆ.

ಹುಳ ಎಲ್ಲಿದೆ?

ನಮ್ಮ ಭಾಷೆಯಲ್ಲಿ "ಹಲ್ಲಿಗೆ ಹುಳ ಬಿದ್ದಿದೆ" ಅನ್ನುತ್ತೇವೆ. ಹಲ್ಲನ್ನು ಹುಳ ತಿನ್ನುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಪ್ರಾಚೀನ ಬ್ಯಾಬಿಲೋನಿಯಾದಲ್ಲೂ ಇತ್ತು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಷಾರ್ ತಮ್ಮ ಪುಸ್ತಕದಲ್ಲಿ ಅಂಥ ಹುಳ ತಮಗೆಲ್ಲೂ ಕಾಣಲಿಲ್ಲ ಎಂದು ಬರೆದರು. ನಿಜವಾದ ಕಳ್ಳರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಸಿಡ್ ಮಾಡುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್‌ನಿಂದ ಖನಿಜಗಳು ಕರಗತೊಡಗುತ್ತವೆ. ಆಮೇಲೆ ಜೊಲ್ಲು ಆ ಆಸಿಡ್ಡನ್ನು ತಣಿಸಿ, ಕರಗಿದ್ದನ್ನು ಮತ್ತೆ ತುಂಬುತ್ತದೆ. ಹೀಗೆ ಚೇತರಿಸಿಕೊಳ್ಳಲು ಬಾಯಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇದನ್ನು 1940ರ ದಶಕದಲ್ಲೇ ರಾಬರ್ಟ್ ಸ್ಟೀಫನ್ ಎಂಬ ವಿಜ್ಞಾನಿ ಅಳೆದು ತೋರಿಸಿದರು.

ಇಲ್ಲೇ ಇರುವುದು ಮುಖ್ಯ ವಿಷಯ. ನಾವು ಪ್ರೋಗ್ರಾಮರುಗಳ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ಸಲ ಸಿಹಿ ಬಾಯಿಗೆ ಬಿದ್ದಾಗಲೂ ಟೈಮರ್ ಸೊನ್ನೆಯಿಂದ ಶುರು! ಒಂದು ಲೆಕ್ಕ ನೋಡಿ. ಮೂರು ಹೊತ್ತಿನ ಊಟತಿಂಡಿಗೆ ಅರ್ಧರ್ಧ ಗಂಟೆ ಹಿಡಿದರೆ ಹಲ್ಲಿನ ಮೇಲೆ ದಿನಕ್ಕೆ ಒಂದೂವರೆ ಗಂಟೆ ದಾಳಿ. ಅದಕ್ಕೆ ಸ್ಕೂಲಿನ ಸ್ನ್ಯಾಕ್, ಕಾರಿನಲ್ಲಿ ಜ್ಯೂಸ್, ಸಂಜೆ ಬಿಸ್ಕತ್ತು, ಟೀವಿ ಮುಂದೆ ಕ್ರ್ಯಾಕರ್, ಮಲಗುವಾಗ ಸಿಹಿ ಹಾಲು ಸೇರಿಸಿ: ಎಂಟು ಸಲ, ನಾಲ್ಕು ಗಂಟೆ! ಇಬ್ಬರು ಮಕ್ಕಳಿಗೆ ಒಂದೊಂದು ರವೆ ಉಂಡೆ ಕೊಟ್ಟಿರಿ ಅನ್ನಿ. ಊಟದ ಜೊತೆ ತಿಂದು ಮುಗಿಸಿದವನಿಗಿಂತ, ಮಧ್ಯಾಹ್ನವೆಲ್ಲ ಚೂರು ಚೂರು ಮುರಿದು ಮೆಲ್ಲುವವನ ಹಲ್ಲಿಗೇ ಅಪಾಯ ಹೆಚ್ಚು. ಉಂಡೆ ಒಂದೇ, ಲೆಕ್ಕ ಬೇರೆ.

ಎರಡನೇ ಮಹಾಯುದ್ಧ ಮುಗಿದ ನಂತರದ ವರ್ಷಗಳಲ್ಲಿ ಸ್ವೀಡನ್ನಿನ ವಿಪೆಹೋಮ್ ಮಾನಸಿಕ ಆಸ್ಪತ್ರೆಯಲ್ಲಿ ಇದನ್ನು ರೋಗಿಗಳ ಮೇಲೆಯೇ ಪ್ರಯೋಗ ಮಾಡಿ ನೋಡಿದರು. ಊಟದ ಮಧ್ಯೆ ಅಂಟು ಟಾಫಿ ತಿಂದವರ ಹಲ್ಲುಗಳು ವಿಪರೀತ ಹಾಳಾದವು. ಒಪ್ಪಿಗೆ ಹೇಳಲಾಗದ ಜನರ ಮೇಲೆ ಮಾಡಿದ ಆ ಪ್ರಯೋಗವನ್ನು ಇವತ್ತು ಯಾರೂ ಸಮರ್ಥಿಸುವುದಿಲ್ಲ. ಅದರ ಫಲಿತಾಂಶದಿಂದ ಸ್ವೀಡನ್ನಿನಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ ಮಿಠಾಯಿ ಎನ್ನುವ ಪದ್ಧತಿ ಬೆಳೆಯಿತು.

ನಮ್ಮ ಮನೆಗಳ ಅಭ್ಯಾಸ

ಸಂಕ್ರಾಂತಿಯ ಸಕ್ಕರೆ ಅಚ್ಚು, ದೀಪಾವಳಿಯ ಹೋಳಿಗೆ ಬಿಡಬೇಕಾಗಿಲ್ಲ. ಹಬ್ಬದ ಊಟ ವರ್ಷಕ್ಕೆ ಎಷ್ಟು ದಿನ ಹೇಳಿ? ನೋಡಬೇಕಾದ್ದು ದಿನನಿತ್ಯದ್ದು. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗು, ಹಲ್ಲುಜ್ಜಿದ ಮೇಲೆ ಹಾರ್ಲಿಕ್ಸ್ ಅಥವಾ ಸಕ್ಕರೆ ಹಾಕಿದ ಹಾಲು, ಇಡೀ ದಿನ ಸಿಪ್ಪಿ ಕಪ್ಪಿನಲ್ಲಿ ಜ್ಯೂಸ್, "ಆರೋಗ್ಯಕ್ಕೆ ಒಳ್ಳೇದು" ಅಂತ ಕೊಡುವ ಒಣದ್ರಾಕ್ಷಿ, ಅಂಟಂಟು ಗಮ್ಮಿ ವಿಟಮಿನ್. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿಯ ಸಿಹಿಯೇ ಎಲ್ಲಕ್ಕಿಂತ ಕೆಟ್ಟದ್ದು. ಜ್ಯೂಸ್ ವಿಷಯದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಿಂದ ಹೇಳುತ್ತಿರುವುದು ಇಷ್ಟು: ಒಂದು ವರ್ಷದೊಳಗೆ ಬೇಡವೇ ಬೇಡ, 1ರಿಂದ 3 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ 4 ಔನ್ಸ್.

ಆರು ತಿಂಗಳಿಗೆಂದು ಊರಿನಿಂದ ಬರುವ ಅಜ್ಜಿ-ತಾತಂದಿರಿಗೆ ಮೊಮ್ಮಕ್ಕಳಿಗೆ ತಿನ್ನಿಸುವುದೇ ಸಂತೋಷ. ಅವರಿಗೆ "ಕೊಡಬೇಡಿ" ಅಂದರೆ ಬೇಜಾರಾಗುತ್ತದೆ. "ಅಮ್ಮಾ, ಉಂಡೆ ಕೊಡಬೇಡ ಅಂತಲ್ಲ, ಊಟದ ಜೊತೆಗೇ ಕೊಟ್ಟುಬಿಡು" ಅಂದು ನೋಡಿ, ಖಂಡಿತ ಒಪ್ಪುತ್ತಾರೆ. ತಿಂದ ಮೇಲೆ ಬಾಯಿ ಮುಕ್ಕಳಿಸುವ ಅಭ್ಯಾಸ ಅವರಲ್ಲಿ ಇದ್ದೇ ಇರುತ್ತದೆ. ಅದನ್ನು ಮೊಮ್ಮಕ್ಕಳಿಗೆ ಅವರೇ ಕಲಿಸಲಿ!

ಫ್ಲೋರೈಡ್ ಒಳ್ಳೆಯದೋ, ಕೆಟ್ಟದ್ದೋ?

ಪಾವಗಡ, ಕೋಲಾರ, ಮುಂಡರಗಿ ಕಡೆಯವರಿಗೆ ಫ್ಲೋರೈಡ್ ಅಂದರೆ ಭಯ. ಬೋರ್‌ವೆಲ್ ನೀರು ಕುಡಿದು ಕಂದು ಕಲೆಯಾದ ಹಲ್ಲುಗಳನ್ನು, ಬಗ್ಗಿದ ಮೂಳೆಗಳನ್ನು ಕಂಡವರು ಅವರು. ಆ ಭಯ ಸುಳ್ಳಲ್ಲ. ಅಮೆರಿಕದಲ್ಲೂ ಕಥೆ ಶುರುವಾದದ್ದು ಕಂದು ಹಲ್ಲಿನಿಂದಲೇ. 1901ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿಯವರ ಹಲ್ಲಿನ ಕಲೆಗಳನ್ನು ಕಂಡರು. ಆ ಹಲ್ಲುಗಳು ಅಷ್ಟು ಸುಲಭವಾಗಿ ಹುಳುಕಾಗುವುದಿಲ್ಲ ಎಂದೂ ಗೊತ್ತಾಯಿತು. 1931ರಲ್ಲಿ ಕಾರಣ ನೀರಿನ ಫ್ಲೋರೈಡ್ ಎಂದು ಪತ್ತೆಯಾಯಿತು. 1945ರಲ್ಲಿ ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಕುಡಿಯುವ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಸೇರಿಸಿತು.

ಎಲ್ಲವೂ ಪ್ರಮಾಣದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಮೆರಿಕದಲ್ಲಿ 2015ರಿಂದ ಶಿಫಾರಸು 0.7 ಮಿಲಿಗ್ರಾಂ. 1.5ಕ್ಕಿಂತ ಹೆಚ್ಚಾದರೆ ಮಕ್ಕಳ ಬುದ್ಧಿಮಟ್ಟ ಕಡಿಮೆಯಾಗುವುದಕ್ಕೂ ಅದಕ್ಕೂ ಸಂಬಂಧ ಕಾಣುತ್ತದೆ ಎಂದು 2024ರಲ್ಲಿ ಇಲ್ಲಿನ ಸರ್ಕಾರದ ವರದಿಯೊಂದು ಹೇಳಿತು. 0.7ರ ಬಗ್ಗೆ ಹಾಗೆ ಹೇಳಲು ಸಾಕಷ್ಟು ಮಾಹಿತಿ ಇಲ್ಲ ಎಂದೂ ಅದೇ ವರದಿ ಹೇಳಿದೆ. 2025ರಲ್ಲಿ ಯೂಟಾ, ಫ್ಲಾರಿಡಾ ರಾಜ್ಯಗಳು ನೀರಿಗೆ ಫ್ಲೋರೈಡ್ ಸೇರಿಸುವುದನ್ನು ನಿಲ್ಲಿಸಿದವು. ಅಲ್ಲಿರುವವರು, ಮನೆಯಲ್ಲಿ ರಿವರ್ಸ್ ಆಸ್ಮೋಸಿಸ್ ಫಿಲ್ಟರ್ ಇಟ್ಟುಕೊಂಡವರು (ಅದು ಫ್ಲೋರೈಡನ್ನು ಬಹುಪಾಲು ತೆಗೆದುಬಿಡುತ್ತದೆ) ಡೆಂಟಿಸ್ಟರಿಗೆ ಈ ಮಾತು ತಪ್ಪದೆ ಹೇಳಿ.

ನೀರು ಹೇಗೇ ಇರಲಿ, ಪೇಸ್ಟ್ ನಮ್ಮ ಕೈಯಲ್ಲೇ ಇದೆ. 3 ವರ್ಷದೊಳಗೆ ಒಂದು ಅಕ್ಕಿಕಾಳಿನಷ್ಟು, 3ರಿಂದ 6 ವರ್ಷಕ್ಕೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕುವುದು ಪೇಸ್ಟ್ ಮಾರುವವರಿಗೆ ಲಾಭ, ಅಷ್ಟೇ! ಊರಿನಿಂದ ಸೂಟ್‌ಕೇಸಿನಲ್ಲಿ ಬರುವ ಗಿಡಮೂಲಿಕೆ ಪೇಸ್ಟುಗಳಲ್ಲಿ ಎಷ್ಟೋ ಸಲ ಫ್ಲೋರೈಡ್ ಇರುವುದಿಲ್ಲ. ಲೇಬಲ್ ಓದಿ. ಇದ್ದಿಲು ಪುಡಿ ಎನಾಮಲ್ಲನ್ನು ಸವೆಸುತ್ತದೆ, ಮಕ್ಕಳಿಗೆ ಬೇಡ.

ಮಾಡಬೇಕಾದ್ದು ಇಷ್ಟು

1. ಮೊದಲ ಹಲ್ಲು ಬಂದ ದಿನದಿಂದ ದಿನಕ್ಕೆ ಎರಡು ಸಲ ಬ್ರಷ್. ರಾತ್ರಿಯದ್ದು ಎಂದಿಗೂ ತಪ್ಪಬಾರದು, ಅದಾದ ಮೇಲೆ ನೀರು ಮಾತ್ರ.

2. ಮಗುವಿಗೆ 7-8 ವರ್ಷವಾಗುವ ತನಕ ನೀವೇ ಉಜ್ಜಿ, ಅಥವಾ ಅದು ಉಜ್ಜಿದ ಮೇಲೆ ನೀವು ಇನ್ನೊಮ್ಮೆ ಉಜ್ಜಿ. ಪೇಸ್ಟ್ ಉಗುಳಿಸಿ. ಆಮೇಲೆ ನೀರು ಹಾಕಿ ಮುಕ್ಕಳಿಸುವುದು ಬೇಡ, ಹಲ್ಲಿನ ಮೇಲೆ ಸ್ವಲ್ಪ ಫ್ಲೋರೈಡ್ ಉಳಿಯಲಿ.

3. ಒಂದಕ್ಕೊಂದು ತಾಗುವ ಹಲ್ಲುಗಳ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ಫ್ಲಾಸ್ ಬೇಕು.

4. ಮೊದಲ ಹುಟ್ಟುಹಬ್ಬದೊಳಗೆ ಡೆಂಟಿಸ್ಟ್ ಹತ್ತಿರ ಒಮ್ಮೆ ಹೋಗಿ. 5 ವರ್ಷದೊಳಗಿನ ಮಕ್ಕಳಿಗೆ ಫ್ಲೋರೈಡ್ ವಾರ್ನಿಷ್ ಅನ್ನು ಮಕ್ಕಳ ಡಾಕ್ಟರೇ ಹಚ್ಚಬಹುದು, ಎರಡು ನಿಮಿಷದ ಕೆಲಸ. ಕೇಳಿ ನೋಡಿ.

5. ವಸಡಿನ ಹತ್ತಿರ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಈ ಹಂತದಲ್ಲಿ ಹಿಡಿದರೆ ತೂತು ಕೊರೆಯದೆಯೇ ಸರಿಯಾಗಬಹುದು. ತೂತಾದ ಮೇಲೂ ಕೆಲವು ಕಡೆ ಸಿಲ್ವರ್ ಡಯಮೀನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕನ್ನು ನಿಲ್ಲಿಸುತ್ತಾರೆ. ಆ ಜಾಗ ಕಪ್ಪಾಗುತ್ತದೆ, ಆದರೆ ಸೂಜಿಯೂ ಇಲ್ಲ, ಡ್ರಿಲ್ಲೂ ಇಲ್ಲ.

ಇನ್ನೊಂದು ಮಾತು ನಮ್ಮಂಥವರಿಗೇ. "ಮುಂದಿನ ಸಲ ಇಂಡಿಯಾಕ್ಕೆ ಹೋದಾಗ ಮಾಡಿಸೋಣ, ಇಲ್ಲಿ ದುಬಾರಿ" ಅಂತ ನಾವು ಲೆಕ್ಕ ಹಾಕುತ್ತೇವೆ. ದೊಡ್ಡವರ ಕ್ರೌನಿಗೆ ಆ ಲೆಕ್ಕ ಸರಿ ಇರಬಹುದು. ಮಕ್ಕಳ ಹುಳುಕು ನಮ್ಮ ಟಿಕೆಟ್ ಬುಕ್ ಆಗುವ ತನಕ ಕಾಯುವುದಿಲ್ಲ. ಅಮೆರಿಕದಲ್ಲಿ ಡೆಂಟಲ್ ವಿಮೆ ಬೇರೆಯಾಗಿಯೇ ಇರುತ್ತದೆ, ಆಫೀಸಿನಲ್ಲಿ ಓಪನ್ ಎನ್‌ರೋಲ್‌ಮೆಂಟ್ ಬಂದಾಗ ಆ ಪೆಟ್ಟಿಗೆ ಟಿಕ್ ಮಾಡಲು ಮರೆಯಬೇಡಿ. ಹೆಚ್ಚಿನ ಪ್ಲಾನುಗಳಲ್ಲಿ ವರ್ಷಕ್ಕೆ ಎರಡು ಸಲ ತಪಾಸಣೆ ಮತ್ತು ಕ್ಲೀನಿಂಗ್ ಪೂರ್ತಿ ಉಚಿತ. ದುಡ್ಡು ಕಟ್ಟಿಯೂ ಉಪಯೋಗಿಸದೆ ಬಿಡುವುದು ಯಾವ ಎಂಜಿನಿಯರಿಂಗ್?

ಕೊನೆಗೆ, ಎಷ್ಟೋ ತಂದೆತಾಯಿಗಳ ಕಣ್ಣಿಗೆ ಬೀಳದ ಒಂದು ಹಲ್ಲಿನ ವಿಷಯ. ಸುಮಾರು 6 ವರ್ಷಕ್ಕೆ, ಎಲ್ಲ ಹಾಲುಹಲ್ಲುಗಳ ಹಿಂದೆ, ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಅದರ ಜಾಗದಲ್ಲಿ ಯಾವ ಹಲ್ಲೂ ಬೀಳುವುದಿಲ್ಲ. ಊರಿನಲ್ಲಿ ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವ ಸಂಭ್ರಮವೂ ಇಲ್ಲ, ಇಲ್ಲಿನ ಟೂತ್ ಫೇರಿಯ ಡಾಲರೂ ಇಲ್ಲ. ಸದ್ದಿಲ್ಲದೆ ಬರುವ ಆ ನಾಲ್ಕು ಹಲ್ಲುಗಳು 80 ವರ್ಷದ ತನಕ ಕೆಲಸ ಮಾಡಬೇಕಾದವು. ಅವುಗಳ ಆಳವಾದ ಗೆರೆಗಳಿಗೆ ಸೀಲೆಂಟ್ ಹಾಕಿಸಿದರೆ ಹಿಂದಿನ ಹಲ್ಲುಗಳ ಹುಳುಕಿನಲ್ಲಿ ಶೇಕಡಾ 80ರಷ್ಟನ್ನು ಎರಡು ವರ್ಷ ತಡೆಯಬಹುದು ಎಂದು ಸಿಡಿಸಿ ಹೇಳುತ್ತದೆ.

ನಿಮ್ಮ ಮನೆಯಲ್ಲಿ ಒಂದನೇ ಕ್ಲಾಸಿನ ಮಗು ಇದ್ದರೆ, ಇವತ್ತು ರಾತ್ರಿ ಹಲ್ಲುಜ್ಜಿಸುವಾಗ ಸೆಲ್‌ಫೋನಿನ ಟಾರ್ಚ್ ಹಾಕಿ ಬಾಯಿಯ ತೀರಾ ಹಿಂದೆ ಒಮ್ಮೆ ನೋಡಿ. ಹೊಸ ಹಲ್ಲು ಇಣುಕುತ್ತಿದ್ದರೆ ನಾಳೆಯೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ನಮ್ಮ ಮಕ್ಕಳೂ ಮುಪ್ಪಿನ ತನಕ ಚಕ್ಕುಲಿ, ಕೋಡುಬಳೆ ಕಟಕಟ ಅಂತ ಕಡಿದು ತಿನ್ನುವಂತಾಗಲಿ!