ಹಿಮ್ಮುಖ ಅನುಮಾಪನ

ಹಿಮ್ಮುಖ ಅನುಮಾಪನ ಅಥವಾ ಬ್ಯಾಕ್ ಟೈಟ್ರೇಷನ್ ಎಂಬುದು ಪರಿಮಾಣಾತ್ಮಕ ರಾಸಾಯನಿಕ ವಿಶ್ಲೇಷಣೆಯ ಒಂದು ವಿಧಾನ. ಪರೀಕ್ಷಿಸಬೇಕಾದ ವಸ್ತುವಿಗೆ ಸಾರತೆ ತಿಳಿದಿರುವ ಕಾರಕವನ್ನು ಅಗತ್ಯಕ್ಕಿಂತ ಹೆಚ್ಚು ಸೇರಿಸಿ, ಕ್ರಿಯೆ ಮುಗಿದ ಮೇಲೆ ಉಳಿದ ಕಾರಕವನ್ನು ಅನುಮಾಪನದಿಂದ ಅಳೆಯಲಾಗುತ್ತದೆ. ಸೇರಿಸಿದ ಪ್ರಮಾಣದಿಂದ ಉಳಿದ ಪ್ರಮಾಣವನ್ನು ಕಳೆದರೆ ಕ್ರಿಯೆಯಲ್ಲಿ ಬಳಕೆಯಾದದ್ದು ತಿಳಿಯುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಬಳಸುವಂತಹ ಕೃಷಿ ಸುಣ್ಣದ ಪರೀಕ್ಷೆ ಇದಕ್ಕೆ ಉತ್ತಮ ಉದಾಹರಣೆ.

ಹಿನ್ನೆಲೆ

ಕೊಡಗಿನಲ್ಲಿ ನೈಋತ್ಯ ಮುಂಗಾರಿನ ಭಾರೀ ಮಳೆ ಮಣ್ಣಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳನ್ನು ತೊಳೆದೊಯ್ಯುವುದರಿಂದ ಮಣ್ಣು ಆಮ್ಲೀಯವಾಗುತ್ತದೆ. ಅಮೋನಿಯಂಯುಕ್ತ ಗೊಬ್ಬರಗಳೂ ಆಮ್ಲತೆಯನ್ನು ಹೆಚ್ಚಿಸುತ್ತವೆ. ಇದನ್ನು ಸರಿಪಡಿಸಲು ಬೆಳೆಗಾರರು ಕೃಷಿ ಸುಣ್ಣ ಅಥವಾ ಡಾಲೊಮೈಟ್ ಹಾಕುತ್ತಾರೆ. ಜಿಲ್ಲೆಯ ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ಸುಣ್ಣವನ್ನು ತೂಕದ ಲೆಕ್ಕದಲ್ಲಿ ಕೊಳ್ಳುವುದು ರೂಢಿ. ಆದರೆ ಚೀಲದಲ್ಲಿ ಮರಳು, ಜೇಡಿ ಬೆರೆತಿದ್ದರೆ ತೂಕವಿದ್ದರೂ ಆಮ್ಲತೆ ತಗ್ಗುವುದಿಲ್ಲ. ಆದ್ದರಿಂದ ಅದರ ತಟಸ್ಥೀಕರಣ ಸಾಮರ್ಥ್ಯವನ್ನು ಅಳೆಯಬೇಕಾಗುತ್ತದೆ.

ಸುಣ್ಣವನ್ನು ನೇರವಾಗಿ ಅನುಮಾಪನ ಮಾಡುವುದು ಕಷ್ಟ. ಕ್ಯಾಲ್ಸಿಯಂ ಕಾರ್ಬೋನೇಟ್ ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ, ಆಮ್ಲದೊಡನೆ ಅದರ ಕ್ರಿಯೆ ಕೊನೆಯ ಹಂತದಲ್ಲಿ ಬಹಳ ನಿಧಾನ. ಹೀಗಾಗಿ ಸೂಚಕದ ಬಣ್ಣ ಬದಲಾಗಿ ಮತ್ತೆ ಹಿಂದಿರುಗುತ್ತದೆ, ಅಂತ್ಯಬಿಂದು ಸ್ಪಷ್ಟವಾಗುವುದಿಲ್ಲ.

ವಿಧಾನ ಮತ್ತು ಲೆಕ್ಕ

ನುಣ್ಣಗೆ ಪುಡಿಮಾಡಿದ 1.00 ಗ್ರಾಂ ಸುಣ್ಣಕ್ಕೆ 0.500 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ 50.0 ಮಿ.ಲೀ. ಸೇರಿಸಲಾಯಿತು ಎಂದಿಟ್ಟುಕೊಳ್ಳೋಣ. ಇದರಲ್ಲಿರುವ ಆಮ್ಲ 25.0 ಮಿಲಿಮೋಲ್. ಮಿಶ್ರಣವನ್ನು ಕುದಿಸಿ, ತಣಿಸಿ, ಫಿನಾಲ್ಫ್ಥಲೀನ್ ಸೂಚಕ ಹಾಕಿ, 0.250 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಅನುಮಾಪನ ಮಾಡಿದಾಗ ತಿಳಿ ಗುಲಾಬಿ ಬಣ್ಣ ಬರಲು 28.0 ಮಿ.ಲೀ. ಬೇಕಾದರೆ, ಉಳಿದಿದ್ದ ಆಮ್ಲ 7.0 ಮಿಲಿಮೋಲ್. ಸುಣ್ಣದೊಡನೆ ವರ್ತಿಸಿದ್ದು 25.0 − 7.0 = 18.0 ಮಿಲಿಮೋಲ್.

ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೋನೇಟ್‌ಗೆ ಎರಡು ಮೋಲ್ ಆಮ್ಲ ಬೇಕಾದ್ದರಿಂದ ಕಾರ್ಬೋನೇಟ್ 9.0 ಮಿಲಿಮೋಲ್, ಅಂದರೆ ಸುಮಾರು 0.90 ಗ್ರಾಂ. ಸುಣ್ಣದ ಸಾಮರ್ಥ್ಯ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್‌ನ ಶೇ. 90. ಎರಡರಿಂದ ಭಾಗಿಸುವುದನ್ನು ಮರೆಯುವುದು ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ತಪ್ಪು.

ಈ ಮೌಲ್ಯ ಶೇ. 100ನ್ನು ಮೀರಿದರೆ ಪ್ರಯೋಗ ಕೆಟ್ಟಿದೆ ಎಂದೇನಲ್ಲ. ಮೆಗ್ನೀಸಿಯಂ ಕ್ಯಾಲ್ಸಿಯಂಗಿಂತ ಹಗುರವಾದ್ದರಿಂದ ಶುದ್ಧ ಡಾಲೊಮೈಟ್‌ನ ಮೌಲ್ಯ ಸುಮಾರು ಶೇ. 108, ಸುಟ್ಟ ಸುಣ್ಣದ್ದು ಸುಮಾರು ಶೇ. 178. ಶುದ್ಧ ಸುಟ್ಟ ಸುಣ್ಣದ 1 ಗ್ರಾಂಗೆ ಸುಮಾರು 35.7 ಮಿಲಿಮೋಲ್ ಆಮ್ಲ ಬೇಕು. ಮೇಲಿನ ಆಮ್ಲ ಅದಕ್ಕೆ ಸಾಲದು. ಏನೂ ಉಳಿಯದಿರುವಲ್ಲಿ ಅಳೆಯುವುದಕ್ಕೂ ಏನಿರುವುದಿಲ್ಲ. ಆಗ ಮಾದರಿಯ ತೂಕವನ್ನು ಕಡಿಮೆ ಮಾಡಬೇಕು.

ದೋಷಗಳು ಮತ್ತು ಮಿತಿ

ಕುದಿಸುವ ಹಂತವನ್ನು ಬಿಡಬಾರದು. ದ್ರಾವಣದಲ್ಲಿ ಉಳಿದ ಕಾರ್ಬನ್ ಡೈಆಕ್ಸೈಡ್ ಕೂಡ ಕ್ಷಾರವನ್ನು ಬಳಸಿಕೊಳ್ಳುತ್ತದೆ. ಉಳಿದ ಆಮ್ಲ ಹೆಚ್ಚಾಗಿ ಕಂಡು, ಒಳ್ಳೆಯ ಸುಣ್ಣವೂ ಕಳಪೆಯೆನಿಸುತ್ತದೆ. ಸುಣ್ಣವಿಲ್ಲದ ಖಾಲಿ ಪ್ರಯೋಗವನ್ನೂ ಜೊತೆಯಲ್ಲಿ ನಡೆಸಿದರೆ ದ್ರಾವಣಗಳ ಸಾರತೆಯಲ್ಲಿನ ಏರುಪೇರು ಗೊತ್ತಾಗುತ್ತದೆ.

ಈ ಪರೀಕ್ಷೆ ಕಣಗಳ ಗಾತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಪುಡಿಮಾಡಿ ಬಿಸಿ ಆಮ್ಲದಲ್ಲಿ ಕರಗಿಸಿದ ಸುಣ್ಣ ಪೂರ್ತಿ ವರ್ತಿಸುತ್ತದೆ. ಅದೇ ಸುಣ್ಣದ ದಪ್ಪ ಹರಳುಗಳು ತೋಟದ ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೆಯೇ ಉಳಿಯಬಹುದು. ಆದ್ದರಿಂದ ಶೇಕಡಾವಾರು ಮೌಲ್ಯದೊಡನೆ ಜರಡಿ ಪರೀಕ್ಷೆಯ ಫಲಿತಾಂಶವನ್ನೂ ನೋಡಬೇಕು.

ಮಣ್ಣಿನ ಸಾವಯವ ಇಂಗಾಲ

1934ರಲ್ಲಿ ಪ್ರಕಟವಾದ ವಾಕ್ಲೆ–ಬ್ಲ್ಯಾಕ್ ವಿಧಾನವೂ ಹಿಮ್ಮುಖ ಅನುಮಾಪನವೇ, ಆದರೆ ಇಲ್ಲಿ ಕ್ರಿಯೆ ಉತ್ಕರ್ಷಣ–ಅಪಕರ್ಷಣ. ಗಂಧಕಾಮ್ಲದ ಸಮ್ಮುಖದಲ್ಲಿ ಹೆಚ್ಚುವರಿ ಪೊಟ್ಯಾಸಿಯಂ ಡೈಕ್ರೋಮೇಟ್ ಮಣ್ಣಿನ ಇಂಗಾಲವನ್ನು ಉತ್ಕರ್ಷಿಸುತ್ತದೆ. ಉಳಿದ ಡೈಕ್ರೋಮೇಟನ್ನು ಫೆರಸ್ ಅಮೋನಿಯಂ ಸಲ್ಫೇಟ್‌ನಿಂದ ಅಳೆಯಲಾಗುತ್ತದೆ. ಇದರಲ್ಲಿ ಇಂಗಾಲದ ಸರಾಸರಿ ಶೇ. 77ರಷ್ಟು ಮಾತ್ರ ವರ್ತಿಸುವುದೆಂದು ಭಾವಿಸಿ ಫಲಿತಾಂಶವನ್ನು ಸುಮಾರು 1.3ರಿಂದ ಗುಣಿಸುವ ಪದ್ಧತಿಯಿದೆ.